ಮಂಡೆಬಿಸಿ ಇಳಿಸುವ ಕೆಲಸ: ಯಾವ ಯೋಚನೆಯನ್ನು ತನಿಖೆ ಮಾಡಬೇಕು, ಯಾವುದಕ್ಕೆ ಜಾಗ ಬಿಡಬೇಕು

“ಮಂಡೆಬಿಶಿ ಮಾಡ್ಕಳಡ ಮಾರಾಯ” ಎನ್ನುವವರು ಉತ್ತರ ಕನ್ನಡದ ಶಿರಸಿ, ಸಿದ್ದಾಪುರದ ಕಡೆ ಬೇಕಾದಷ್ಟು ಜನ. ಮಾಡಿಕೊಳ್ಳದೆ ಇರುವುದು ಹೇಗೆ ಎಂದು ಹೇಳುವವರು ಕಡಿಮೆ. ಮಳೆ ಒಂದೇ ಸಮನೆ ಹೊಯ್ಯುವಾಗ ಅಡಿಕೆಯ ಕೊಳೆರೋಗದ ಚಿಂತೆ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧದಿಂದ ಬೋಟು ದಡದಲ್ಲಿ ಕೂತಾಗ ಸಾಲದ ಕಂತಿನ ಚಿಂತೆ. ಬೆಂಗಳೂರಿನಲ್ಲಿರುವ ಮಗಳು ಎರಡು ಸಲ ಫೋನ್ ಎತ್ತದಿದ್ದರೆ ಅದರದೇ ಬೇರೆ ಕಥೆ. ಇಲ್ಲೆಲ್ಲ ತೊಂದರೆ ಎರಡು ಪದರದ್ದು. ಒಂದು, ನಿಜವಾಗಿ ಆಗಿರುವುದು. ಇನ್ನೊಂದು, ಅದರ ಮೇಲೆ ಮನಸ್ಸು ರಾತ್ರಿಯಿಡೀ ಕಟ್ಟುವ ಮಾಳಿಗೆ. ಈ ಬರಹ ಎರಡನೆಯ ಪದರದ ಮೇಲೆ ಮಾಡಬೇಕಾದ ಕೆಲಸದ್ದು.

ಇದಕ್ಕೆ ಮುಖ್ಯವಾಗಿ ಎರಡು ಪದ್ಧತಿಗಳಿವೆ. ಅರಿವಿನ ವರ್ತನಾ ಚಿಕಿತ್ಸೆ, ಅಂದರೆ ಸಿಬಿಟಿ, 1960ರ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಮನೋವೈದ್ಯ ಆರನ್ ಬೆಕ್ ಖಿನ್ನತೆಯ ರೋಗಿಗಳ ಜೊತೆ ಕೆಲಸ ಮಾಡುತ್ತ ರೂಪಿಸಿದ್ದು. ಯೋಚನೆಯನ್ನು ಸಾಕ್ಷಿಕಟ್ಟೆಯಲ್ಲಿ ನಿಲ್ಲಿಸಿ ಪ್ರಶ್ನಿಸುವುದು ಅದರ ಕ್ರಮ. ಸ್ವೀಕಾರ ಮತ್ತು ಬದ್ಧತೆಯ ಚಿಕಿತ್ಸೆ 1980ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟೀವನ್ ಹೇಯ್ಸ್ ಮತ್ತು ಜೊತೆಗಾರರಿಂದ ಬೆಳೆಯಿತು. ಇಂಗ್ಲಿಷಿನಲ್ಲಿ ಅದರ ಹೆಸರನ್ನು ಅಕ್ಷರ ಬಿಡಿಸದೆ ‘ಆಕ್ಟ್’ ಎಂದೇ ಕರೆಯುತ್ತಾರೆ. ಇದು ಯೋಚನೆಯ ಜೊತೆ ವಾದಕ್ಕೆ ಇಳಿಯುವುದಿಲ್ಲ. ಅದು ಪಕ್ಕದಲ್ಲಿ ಕೂತಿರಲಿ, ಕೈ ಮಾತ್ರ ಬೇಕಾದ ಕೆಲಸದಲ್ಲಿರಲಿ ಎನ್ನುತ್ತದೆ.

ಎರಡರಲ್ಲಿ ಯಾವುದು ಮೇಲು ಎಂಬ ಚರ್ಚೆಯಿಂದ ಮನೆಯಲ್ಲಿ ಕೂತು ಅಭ್ಯಾಸ ಮಾಡುವವರಿಗೆ ಉಪಯೋಗ ಕಡಿಮೆ. ಯಾವ ಯೋಚನೆಗೆ ಯಾವುದು ಎಂದು ಗೊತ್ತಿದ್ದರೆ ಸಾಕು. ಹೆಚ್ಚಿನವರು ಎಡವುವುದು ಅಲ್ಲೇ: ತನಿಖೆ ಮಾಡಬಹುದಾದ ಯೋಚನೆಯನ್ನು ಸುಮ್ಮನೆ ಸಹಿಸುತ್ತಾರೆ, ತನಿಖೆಗೆ ಸಿಗದ ಯೋಚನೆಯ ಜೊತೆ ಬೆಳಗಿನವರೆಗೆ ವಾದ ಮಾಡುತ್ತಾರೆ.

ಶುರು ಮಾಡುವ ಮೊದಲು

ಬೇಕಾದದ್ದು 100 ಪುಟದ ಒಂದು ನೋಟ್‌ಬುಕ್, ಒಂದು ಪೆನ್ನು, ದಿನಕ್ಕೆ 20 ನಿಮಿಷ. ಆರು ವಾರ ಮಾಡಿ ನೋಡಬೇಕು. ಮೊಬೈಲಿನಲ್ಲಿ ಬರೆಯಬಹುದು, ಆದರೆ ಅದೇ ಮೊಬೈಲಿನಲ್ಲಿ ಅಡಿಕೆ ಧಾರಣೆಯ ಮೆಸೇಜೂ ಬರುತ್ತದೆ, ಕಾಗದವೇ ವಾಸಿ. “ಬರೆಯೋದು ಎಂತಕ್ಕೆ, ತಲೆಯಲ್ಲೇ ಮಾಡ್ತೆ” ಎನ್ನುವವರಿಗೆ ಒಂದು ಮಾತು: ತಲೆಯೊಳಗೆ ಯೋಚನೆಯೇ ಆರೋಪಿ, ಅದೇ ವಕೀಲ, ಅದೇ ನ್ಯಾಯಾಧೀಶ. ಹೊರಗೆ ಕಾಗದದ ಮೇಲೆ ತಂದಾಗ ಮಾತ್ರ ನೀವು ಅದರ ಎದುರಿಗೆ ಕೂತಂತೆ.

ಈ ಅಭ್ಯಾಸ ಒಬ್ಬರೇ ಮಾಡಬಾರದ ಸಂದರ್ಭಗಳಿವೆ. ಸಾಯಬೇಕು ಎನ್ನುವ ಯೋಚನೆ ಬರುತ್ತಿದ್ದರೆ, ಯಾರೂ ಇಲ್ಲದಾಗ ಧ್ವನಿ ಕೇಳಿಸುತ್ತಿದ್ದರೆ, ಎರಡು ವಾರಕ್ಕೂ ಮೀರಿ ಊಟ, ನಿದ್ದೆ, ಕೆಲಸ ಎಲ್ಲ ಕೆಟ್ಟಿದ್ದರೆ, ಕುಡಿಯದೆ ದಿನ ಸಾಗದಿದ್ದರೆ ನೋಟ್‌ಬುಕ್ ನಂತರ, ವೈದ್ಯರು ಮೊದಲು. ಟೆಲಿ-ಮಾನಸ್ ಸಹಾಯವಾಣಿ 14416. ಉಚಿತ, 24 ತಾಸು, ಕನ್ನಡದಲ್ಲಿ ಮಾತಾಡಬಹುದು. ಇದರ ಬಗ್ಗೆ ಕೊನೆಯಲ್ಲಿ ಇನ್ನಷ್ಟು ಇದೆ.

ಮೊದಲ ವಾರ: ಬರೀ ನೋಡುವುದು

ಮೊದಲ ಏಳು ದಿನ ಏನನ್ನೂ ಸರಿಪಡಿಸಲು ಹೋಗಬೇಡಿ. ದಿನಕ್ಕೆ ಒಂದು ಸಲ, ಮನಸ್ಸು ಕೆಟ್ಟ ಒಂದು ಹೊತ್ತನ್ನು ಆರಿಸಿಕೊಂಡು ನಾಲ್ಕು ಸಾಲು ಬರೆಯಿರಿ: ಏನಾಯಿತು, ಏನು ಯೋಚನೆ ಬಂತು, ಮೈಯಲ್ಲಿ ಏನಾಯಿತು, ಆಮೇಲೆ ಏನು ಮಾಡಿದಿರಿ.

ಉದಾಹರಣೆಗೆ: ಸಂಜೆ 7ಕ್ಕೆ ಮಗಳು ಫೋನ್ ಎತ್ತಲಿಲ್ಲ. ಯೋಚನೆ, “ಏನೋ ಆಗಿದೆ”. ಮೈ: ಎದೆ ಡವಗುಟ್ಟಿತು, ಹೊಟ್ಟೆ ತೊಳಸಿತು. ಮಾಡಿದ್ದು: ಅರ್ಧ ತಾಸಿನಲ್ಲಿ ಆರು ಸಲ ಕರೆ, ಆಮೇಲೆ ಅವಳ ರೂಮಿನ ಗೆಳತಿಗೂ ಕರೆ.

ನಾಲ್ಕನ್ನೂ ಬೇರೆ ಬೇರೆ ಬರೆಯುವುದಕ್ಕೆ ಕಾರಣವಿದೆ. ಅವು ಒಂದನ್ನೊಂದು ಎಳೆಯುತ್ತವೆ. ಎದೆ ಡವಗುಟ್ಟಿದ್ದನ್ನು ಕಂಡು ಮನಸ್ಸು “ನೋಡು, ಏನೋ ಆಗಿದ್ದಕ್ಕೇ ಹೀಗೆ” ಎನ್ನುತ್ತದೆ; ಆರು ಕರೆ ಮಾಡಿದ್ದರಿಂದ ಹೆದರಿಕೆ ಇಳಿಯುವುದಿಲ್ಲ, ಮುಂದಿನ ಸಲ ಏಳು ಕರೆ ಬೇಕಾಗುತ್ತದೆ. ಈ ಹಗ್ಗದ ಯಾವ ಎಳೆ ಹಿಡಿದರೂ ಬಿಚ್ಚಬಹುದು, ಆದರೆ ಎಳೆಗಳು ಕಾಣಬೇಕಲ್ಲ.

ಭಾವನೆಗೆ 0ರಿಂದ 100ರೊಳಗೆ ಒಂದು ಅಂಕಿ ಕೊಡಿ. ಆ ಭಾವನೆ ಇಲ್ಲವೇ ಇಲ್ಲ ಎಂದರೆ 0, ಇದಕ್ಕಿಂತ ಜಾಸ್ತಿ ಆಗಲು ಸಾಧ್ಯವೇ ಇಲ್ಲ ಎನಿಸಿದರೆ 100. ಅಂಕಿ ಕರಾರುವಾಕ್ಕಾಗಿ ಇರಬೇಕಿಲ್ಲ. “ಹೆದರಿಕೆ ಆಯ್ತು” ಎಂದಷ್ಟೇ ಬರೆದರೆ 85 ಇದ್ದದ್ದು 55ಕ್ಕೆ ಇಳಿದದ್ದು ಗೊತ್ತೇ ಆಗುವುದಿಲ್ಲ, “ಇನ್ನೂ ಹೆದರಿಕೆ ಇದ್ದು” ಎಂದೇ ಅನಿಸುತ್ತದೆ.

ಎಂಟನೆಯ ದಿನ: ಬುಟ್ಟಿ ಬೇರೆ ಮಾಡುವುದು

ವಾರದ ಏಳು ಯೋಚನೆಗಳನ್ನು ಓದಿ ಮೂರು ಬುಟ್ಟಿಗೆ ಹಾಕಿ. ಅಡಿಕೆಯನ್ನು ಆರಿಸಿ ರಾಶಿ, ಬೆಟ್ಟೆ, ಚಾಲಿ ಎಂದು ಬೇರೆ ಮಾಡದೆ ಯಾರೂ ವ್ಯಾಪಾರಕ್ಕೆ ಒಯ್ಯುವುದಿಲ್ಲ, ಇಲ್ಲೂ ಹಾಗೆಯೇ.

ಮೊದಲ ಬುಟ್ಟಿ, ಇವತ್ತೇ ಮಾಡಬಹುದಾದ ಕೆಲಸ ಇರುವಂಥದ್ದು. “ಸೊಸೈಟಿ ಕಂತು ಈ ತಿಂಗಳು ಕಟ್ಟಲಾಗುವುದಿಲ್ಲ” ಎಂಬುದಕ್ಕೆ ಚಿಕಿತ್ಸೆ ಬೇಡ, ಸೊಸೈಟಿಗೆ ಹೋಗಿ ಗಡುವು ಕೇಳಬೇಕು. ಯಾವ ದಿನ, ಎಷ್ಟು ಗಂಟೆಗೆ, ಯಾವ ಕಾಗದ ಹಿಡಿದುಕೊಂಡು ಎಂದು ಬರೆದರೆ ಈ ಬುಟ್ಟಿಯ ಕೆಲಸ ಮುಗಿಯಿತು.

ಎರಡನೆಯದು, ಪರೀಕ್ಷಿಸಬಹುದಾದದ್ದು: ಮುಂದೆ ಹೀಗೇ ಆಗುತ್ತದೆ ಎಂಬ ಭವಿಷ್ಯ, ಅವರು ನನ್ನ ಬಗ್ಗೆ ಹೀಗೇ ಅಂದುಕೊಂಡಿದ್ದಾರೆ ಎಂಬ ಊಹೆ, ನಾನು ಇಂಥವನು ಎಂಬ ತೀರ್ಪು. ಇವಕ್ಕೆ ಸಿಬಿಟಿ.

ಮೂರನೆಯದು, ಪರೀಕ್ಷೆಗೆ ಸಿಗದ್ದು, ಅಥವಾ ನಿಜವೇ ಆಗಿರುವುದು. ಇವಕ್ಕೆ ಆಕ್ಟ್. ತೀರಿಹೋದ ತಂದೆಯ ನೆನಪು. “ಆವತ್ತು ನಾನು ಬೇರೆ ನಿರ್ಧಾರ ತಗೊಂಡಿದ್ದರೆ?” ಎಂಬ ಪ್ರಶ್ನೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದ ಮೇಲೆ, ಜೋರು ಮಳೆಯಲ್ಲಿ ಧರೆಯ (ಗುಡ್ಡ ಕಡಿದ ಅಂಚಿನ) ಕೆಳಗೆ ಮನೆಯಿರುವವರಿಗೆ ನಿದ್ದೆ ಬಾರದಿದ್ದರೆ ಅದು ಯೋಚನೆಯ ದೋಷ ಅಲ್ಲ. ಅಂಥವರಿಗೆ “ಅಪಾಯವಿಲ್ಲ” ಎಂದು ಸಾಬೀತು ಮಾಡಲು ಹೋಗುವುದು ತಪ್ಪು, ಅಪಾಯಕಾರಿಯೂ ಹೌದು. ಕೆಂಪು ಎಚ್ಚರಿಕೆ ಬಂದಾಗ ಯಾರ ಮನೆಗೆ ಹೋಗುವುದೆಂದು ಮೊದಲೇ ನಿಶ್ಚಯಿಸುವುದು ಒಂದನೇ ಬುಟ್ಟಿಯ ಕೆಲಸ. ಅಷ್ಟು ಮಾಡಿದ ಮೇಲೂ ಉಳಿಯುವ ಅಳುಕು ಮೂರನೆಯ ಬುಟ್ಟಿಯದು. ಆ ದೃಶ್ಯ ಕಣ್ಣೆದುರು ಮತ್ತೆ ಮತ್ತೆ ಬಂದು ಬೆಚ್ಚಿಬೀಳುವಂತಿದ್ದರೆ ವೈದ್ಯರ ಹತ್ತಿರ ಹೋಗಬೇಕು.

ಎರಡನೆಯ ಬುಟ್ಟಿ: ಏಳು ಕಲಮಿನ ಪುಟ

ನೋಟ್‌ಬುಕ್ಕನ್ನು ಅಡ್ಡ ತಿರುಗಿಸಿ ಏಳು ಕಲಮು, ಅಂದರೆ ಅಂಕಣ, ಆಗುವಂತೆ ಗೆರೆ ಹೊಡೆಯಿರಿ: ಘಟನೆ, ಭಾವನೆ ಮತ್ತು ಅಂಕಿ, ಯೋಚನೆ, ಅದಕ್ಕೆ ಪೂರಕ ಸಾಕ್ಷಿ, ವಿರುದ್ಧ ಸಾಕ್ಷಿ, ತೂಗಿದ ಮಾತು, ಭಾವನೆಯ ಹೊಸ ಅಂಕಿ. ಒಂದು ಪುಟಕ್ಕೆ 15ರಿಂದ 20 ನಿಮಿಷ. ತಲೆ ಕಾದಿರುವಾಗಲೇ ಮೊದಲ ಮೂರು ಕಲಮು ತುಂಬಿ, ಉಳಿದದ್ದು ಸ್ವಲ್ಪ ತಣ್ಣಗಾದ ಮೇಲೆ. 95ರ ಹೆದರಿಕೆಯಲ್ಲಿ ವಿರುದ್ಧ ಸಾಕ್ಷಿ ಹುಡುಕಿದರೆ ಒಂದೂ ಸಿಗುವುದಿಲ್ಲ.

ಎರಡು ಎಕರೆ ಬಾಗಾಯ್ತಿನ ಒಬ್ಬ ಬೆಳೆಗಾರರ ಪುಟ ಹೀಗಿರಬಹುದು.

ಘಟನೆ: ರಾತ್ರಿ 2 ಗಂಟೆ, ಮಳೆಯ ಸದ್ದಿಗೆ ಎಚ್ಚರ. ಮಧ್ಯಾಹ್ನ ತೋಟದಲ್ಲಿ ಉದುರಿದ ಕಾಯಿ ಕಂಡಿತ್ತು. ಘಟನೆಯ ಕಲಮಿನಲ್ಲಿ ಕ್ಯಾಮೆರಾಕ್ಕೆ ಕಾಣುವಷ್ಟೇ ಇರಬೇಕು. “ಹಾಳು ಮಳೆ ಶುರುವಾಯ್ತು” ಎಂದರೆ ಅದರಲ್ಲಿ ಆಗಲೇ ತೀರ್ಪು ಸೇರಿಕೊಂಡಿದೆ.

ಭಾವನೆ: ಹೆದರಿಕೆ 85, ಬೇಜಾರು 60.

ಯೋಚನೆ: “ಈ ಸಲ ಫಸಲು ಪೂರ್ತಿ ಹೋಯ್ತು. ಸಾಲ ತೀರುವುದಿಲ್ಲ. ತೋಟ ನೋಡಿಕೊಳ್ಳುವ ಯೋಗ್ಯತೆ ನನಗಿಲ್ಲ.” ಇಲ್ಲಿ ಮೂರು ಯೋಚನೆಗಳಿವೆ. ಮೂರನ್ನೂ ಒಟ್ಟಿಗೆ ತನಿಖೆ ಮಾಡಲು ಬರುವುದಿಲ್ಲ. ಹೆಚ್ಚು ಸುಡುವ ಒಂದಕ್ಕೆ ಗೆರೆ ಎಳೆಯಿರಿ. “ಫಸಲು ಪೂರ್ತಿ ಹೋಯ್ತು” ಎಂಬುದನ್ನು ಹಿಡಿದರೆ, ಅದನ್ನು ಎಷ್ಟು ನಂಬುತ್ತೀರಿ? 90.

ಪೂರಕ ಸಾಕ್ಷಿ: ಕೆಳಗಿನ ತೋಟದಲ್ಲಿ ನಾಲ್ಕು ಮರದ ಬುಡಕ್ಕೆ ಕೊಳೆತ ಕಾಯಿ ಬಿದ್ದಿದೆ. ಮೊದಲ ಸಲ ಮದ್ದು ಹೊಡೆದು 50 ದಿನ ಆಯಿತು. 40–45 ದಿನಕ್ಕೆ ಎರಡನೆಯ ಸಲ ಬೋರ್ಡೋ ಹೊಡೆಯಬೇಕಿತ್ತು, ಮಳೆ ಬಿಡಲಿಲ್ಲ. ಈ ಕಲಮನ್ನು ಖಾಲಿ ಬಿಡಬೇಡಿ. ಖಾಲಿ ಬಿಟ್ಟರೆ ಮನಸ್ಸು “ನನ್ನ ಮಾತನ್ನೇ ಕೇಳಲಿಲ್ಲ” ಎಂದು ಸಿಟ್ಟಾಗಿ ಮುಂದಿನ ಯಾವ ವಾದವನ್ನೂ ಒಪ್ಪುವುದಿಲ್ಲ.

ವಿರುದ್ಧ ಸಾಕ್ಷಿ: ಮೇಲಿನ ತೋಟದಲ್ಲಿ ನಿನ್ನೆ ಉದುರಿದ್ದು ಕಾಣಲಿಲ್ಲ. ಸುಮಾರು ಕೊನೆಗಳಿಗೆ (ಅಡಿಕೆ ಗೊನೆಗಳಿಗೆ) ಮಳೆ ತಾಗದಂತೆ ಕೊಟ್ಟೆ ಕಟ್ಟಿಯಾಗಿದೆ. ಹಿಂದೊಮ್ಮೆ ಕೊಳೆ ಬಂದ ವರ್ಷವೂ ಫಸಲು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಸಾಕ್ಷಿ ಎಂದರೆ ಎಣಿಸಲು, ತೋರಿಸಲು ಬರುವಂಥದ್ದು. “ದೇವರು ದೊಡ್ಡವನು” ಎಂಬುದು ಧೈರ್ಯ ಕೊಡುತ್ತದೆ, ಬರೆದುಕೊಳ್ಳಿ ಬೇಕಾದರೆ, ಆದರೆ ಬೇರೆ ಪುಟದಲ್ಲಿ.

ತೂಗಿದ ಮಾತು: “ಕೊಳೆ ಶುರುವಾಗಿದೆ, ನಷ್ಟ ಆಗುತ್ತದೆ. ಎಷ್ಟೆಂದು ರಾತ್ರಿ 2 ಗಂಟೆಗೆ ಹಾಸಿಗೆಯಲ್ಲಿ ಗೊತ್ತಾಗುವುದಿಲ್ಲ. ಬೆಳಿಗ್ಗೆ ರೋಗ ಬಂದ ಮರ ಎಣಿಸುತ್ತೇನೆ. ಮಳೆ ಬಿಟ್ಟು ಹೊಳವಾದ ಕೂಡಲೇ ಮದ್ದು ಹೊಡೆಯಲು, ಮರ ಹತ್ತುವ ಕೊನೆಗೌಡನಿಗೆ ಹೇಳಿಡುತ್ತೇನೆ.”

ಹೊಸ ಅಂಕಿ: ಹೆದರಿಕೆ 55. ಯೋಚನೆಯ ಮೇಲಿನ ನಂಬಿಕೆ 40.

55 ಎಂದರೆ ಸೋತಂತಲ್ಲ. ಎದ್ದು ನೀರು ಕುಡಿದು ಮತ್ತೆ ಮಲಗಲು ಅಷ್ಟು ಸಾಕು. ಒಂದೇ ಪುಟಕ್ಕೆ 85ರಿಂದ 5ಕ್ಕೆ ಇಳಿಯಿತು ಎಂದು ಬರೆದವರ ಪುಟವನ್ನು ಎರಡನೆಯ ಸಲ ಓದಬೇಕು. ಹೆಚ್ಚಾಗಿ ಅಲ್ಲಿ ತೂಗಿದ ಮಾತಿನ ಜಾಗದಲ್ಲಿ “ಎಲ್ಲ ಒಳ್ಳೆಯದೇ ಆಗುತ್ತದೆ” ಎಂಬ ಸಕ್ಕರೆ ಮಾತು ಇರುತ್ತದೆ. ಬೆಳಿಗ್ಗೆ ಇನ್ನೂ ನಾಲ್ಕು ಮರದಡಿ ಕಾಯಿ ಕಂಡರೆ ಆ ಸಕ್ಕರೆ ಕರಗಿ ಹೋಗುತ್ತದೆ. ಮೊಬೈಲಿನಲ್ಲಿ ಬರುವ ‘ಸಕಾರಾತ್ಮಕವಾಗಿ ಯೋಚಿಸಿ’ ಎಂಬ ಶುಭೋದಯಕ್ಕೂ ಸಿಬಿಟಿಗೂ ಸಂಬಂಧವಿಲ್ಲ. ತೂಗಿದ ಮಾತಿನಲ್ಲಿ ಕೆಟ್ಟ ಸುದ್ದಿಯೂ ಇರಬೇಕು, ಅದರ ಸರಿಯಾದ ಅಳತೆಯಲ್ಲಿ.

ಇನ್ನೆರಡು ಕಡೆ ಪುಟ ಹಾಳಾಗುತ್ತದೆ. ಯೋಚನೆಯ ಕಲಮಿನಲ್ಲಿ “ತುಂಬಾ ಬೇಜಾರು” ಎಂದು ಬರೆಯುವುದು ಒಂದು. ಅದು ಭಾವನೆ, ಅದಕ್ಕೆ ಸಾಕ್ಷಿ ಕೇಳಲು ಬರುವುದಿಲ್ಲ. ಇನ್ನೊಂದು, ಯೋಚನೆಯನ್ನು ಪ್ರಶ್ನೆಯಾಗಿ ಬಿಡುವುದು. “ಪರೀಕ್ಷೆಯಲ್ಲಿ ಎಂತಾಗ್ತದೋ?” ಎಂಬುದನ್ನು ತನಿಖೆ ಮಾಡುವುದು ಹೇಗೆ? “ನಾನು ಫೇಲಾಗುತ್ತೇನೆ, ಮನೆಯಲ್ಲಿ ಮುಖ ತೋರಿಸಲಾಗುವುದಿಲ್ಲ” ಎಂದು ಪೂರ್ಣವಿರಾಮ ಹಾಕಿ ಬರೆದಾಗ ಮಾತ್ರ ಅದು ಕೈಗೆ ಸಿಗುತ್ತದೆ.

ಹತ್ತು ಪುಟ ತುಂಬುವ ಹೊತ್ತಿಗೆ ನಿಮ್ಮ ಮನಸ್ಸು ಒಂದೇ ಚಾಳಿಯನ್ನು ಮತ್ತೆ ಮತ್ತೆ ಮಾಡುವುದು ಕಾಣುತ್ತದೆ. ಒಂದು ಗೊನೆ ಕೊಳೆತರೆ ತೋಟವೇ ಹೋಯಿತು ಎನ್ನುವುದು ಕೆಲವರ ಚಾಳಿ. ಮದುವೆ ಮನೆಯ ಪಂಕ್ತಿಯಲ್ಲಿ ಭಾವ ಮಾತಾಡಿಸಲಿಲ್ಲ ಎಂದರೆ ‘ಸಿಟ್ಟಿದೆ’ ಎಂದು ಅವರ ಮನಸ್ಸನ್ನು ಓದಿಬಿಡುವುದು ಇನ್ನು ಕೆಲವರದು; ಅವರಿಗೆ ಬಡಿಸುವವರನ್ನು ಕರೆಯುವ ಗಡಿಬಿಡಿ ಇದ್ದಿರಬಹುದು. ಮಾಡಿದ್ದನ್ನೆಲ್ಲ “ಅದೆಂತ ದೊಡ್ಡದು” ಎಂದು ತಳ್ಳಿಹಾಕುವ ಚಾಳಿ ನಮ್ಮ ಕಡೆ ವಿನಯದ ವೇಷದಲ್ಲಿ ಓಡಾಡುವುದರಿಂದ ಗುರುತಿಸುವುದು ಕಷ್ಟ. ಚಾಳಿಗೆ ನಿಮ್ಮದೇ ಒಂದು ಅಡ್ಡಹೆಸರಿಡಿ. ಪುಟದ ಅಂಚಿನಲ್ಲಿ ಆ ಹೆಸರು ಬರೆದರೆ ಅರ್ಧ ತನಿಖೆ ಅಲ್ಲೇ ಆಗಿಹೋಗುತ್ತದೆ.

ಕಾಗದದಿಂದ ಹೊರಗೆ: ಸಣ್ಣ ಪ್ರಯೋಗ

ಕೆಲವು ಯೋಚನೆಗಳು ಎಷ್ಟು ಬರೆದರೂ ಜಗ್ಗುವುದಿಲ್ಲ. “ತಲೆಗೆ ಗೊತ್ತಾಯ್ತು, ಎದೆಗೆ ಗೊತ್ತಾಗಲಿಲ್ಲ” ಎನಿಸಿದರೆ ಪ್ರಯೋಗ ಮಾಡಬೇಕು. ಫೋನಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. ಮೊದಲು ಭವಿಷ್ಯವನ್ನು ಬರೆಯಿರಿ: “ಒಂದೇ ಸಲ ಕರೆ ಮಾಡಿ ಸುಮ್ಮನಿದ್ದರೆ ಹೆದರಿಕೆ ಏರುತ್ತಲೇ ಹೋಗುತ್ತದೆ, ತಡೆಯಲಾಗುವುದಿಲ್ಲ, ನಂಬಿಕೆ 80.” ಪ್ರಯೋಗ: ಒಂದು ಕರೆ, ಒಂದು ಮೆಸೇಜು, ಆಮೇಲೆ 60 ನಿಮಿಷ ಫೋನ್ ಮುಟ್ಟುವಂತಿಲ್ಲ. ಪ್ರತಿ 10 ನಿಮಿಷಕ್ಕೆ ಹೆದರಿಕೆಯ ಅಂಕಿ ಬರೆಯಿರಿ. ಕೊನೆಗೆ ಭವಿಷ್ಯಕ್ಕೂ ಆದದ್ದಕ್ಕೂ ಎಷ್ಟು ವ್ಯತ್ಯಾಸ ಎಂದು ನೋಡಿ. ವಾರದಲ್ಲಿ ಮೂರು ಸಲ ಮಾಡಿ. ಒಂದೇ ಸಲ ಮಾಡಿದರೆ ಮನಸ್ಸು ಅದೃಷ್ಟ ಎನ್ನುತ್ತದೆ.

ಪ್ರಯೋಗ ಕೆಡುವುದು ಕದ್ದು ಮಾಡುವ ಸಮಾಧಾನದಿಂದ. ಮಗಳಿಗೆ ಕರೆ ಮಾಡಲಿಲ್ಲ, ಆದರೆ ಅವಳು ವಾಟ್ಸಾಪಿನಲ್ಲಿ ಕೊನೆಗೆ ಯಾವಾಗ ಬಂದಿದ್ದಳೆಂದು ಹತ್ತು ಸಲ ನೋಡಿದರೆ ಪ್ರಯೋಗ ಆಗಲೇ ಇಲ್ಲ. ಕಾಲೇಜಿನಲ್ಲಿ ಎದ್ದು ಪ್ರಶ್ನೆ ಕೇಳುವ ಪ್ರಯೋಗ ಮಾಡುವ ಹುಡುಗ ತಲೆ ತಗ್ಗಿಸಿ, ಯಾರಿಗೂ ಕೇಳದಷ್ಟು ಸಣ್ಣ ಸ್ವರದಲ್ಲಿ ಕೇಳಿದರೂ ಅದೇ ಕಥೆ.

ಚಿಂತೆಗೊಂದು ಹೊತ್ತು

ದಿನವಿಡೀ ಹರಡಿಕೊಂಡ ಚಿಂತೆಗೆ 1983ರಲ್ಲಿ ಮನಶ್ಶಾಸ್ತ್ರಜ್ಞ ಥಾಮಸ್ ಬೊರ್ಕೊವೆಕ್ ಮತ್ತು ಸಂಗಡಿಗರು ಒಂದು ಸರಳ ಕ್ರಮ ಪ್ರಕಟಿಸಿದರು: ದಿನಕ್ಕೆ ಅರ್ಧ ತಾಸು, ಅದೇ ಜಾಗ, ಅದೇ ಹೊತ್ತು, ಚಿಂತೆ ಆಗ ಮಾತ್ರ. ಸಂಜೆ 5.30ಕ್ಕೆ ಕಷಾಯ ಕುಡಿದ ಮೇಲೆ ಇಟ್ಟುಕೊಳ್ಳಬಹುದು. ನೀವು ದಿನಾ ಆರಾಮಾಗಿ ಕೂರುವ ಜಗುಲಿಯ ಜಾಗ ಬೇಡ, ಹಾಸಿಗೆಯಂತೂ ಬೇಡವೇ ಬೇಡ; ಕೊಟ್ಟಿಗೆಯ ಪಕ್ಕದ ಕಟ್ಟೆಯಾದರೂ ಆದೀತು. ಹಗಲು ಚಿಂತೆ ಬಂದರೆ ಚೀಟಿಯಲ್ಲಿ ಎರಡು ಶಬ್ದ ಬರೆದು ಕಿಸೆಗೆ ಹಾಕಿ ಕೈಯಲ್ಲಿದ್ದ ಕೆಲಸಕ್ಕೆ ಮರಳಿ. ಹೊತ್ತು ಬಂದಾಗ ಚೀಟಿ ತೆಗೆದು ಚಿಂತಿಸಿ, ಹೊತ್ತು ಮುಗಿದ ಮೇಲೆ ಎದ್ದುಬಿಡಿ. ಸುಮಾರು ಚೀಟಿಗಳು ಸಂಜೆಯ ಹೊತ್ತಿಗೆ ಹಳಸಿರುತ್ತವೆ. ಮೊದಲ ನಾಲ್ಕೈದು ದಿನ ಚಿಂತೆ ಮಾತು ಕೇಳುವುದಿಲ್ಲ. ಆಗ ಇದನ್ನು ಬಿಟ್ಟವರೇ ಹೆಚ್ಚು.

ಮೂರನೆಯ ಬುಟ್ಟಿ: ಮಂಗನನ್ನು ನೆನೆಯದೆ ಔಷಧ

ಔಷಧ ಕುಡಿಯುವಾಗ ಮಂಗನನ್ನು ನೆನೆಯಬಾರದು ಎಂದ ವೈದ್ಯನ ಕಥೆ ಗೊತ್ತಿಲ್ಲದವರಿಲ್ಲ. ಲೋಟ ಎತ್ತಿದ ಕೂಡಲೇ ಮಂಗ ಹಾಜರು. 1987ರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಇದನ್ನೇ ಬಿಳಿ ಕರಡಿಯ ಹೆಸರಿನಲ್ಲಿ ಪ್ರಯೋಗಕ್ಕಿಟ್ಟರು. ಐದು ನಿಮಿಷ ಬಿಳಿ ಕರಡಿಯನ್ನು ಯೋಚಿಸಬೇಡಿ, ಯೋಚನೆ ಬಂದರೆ ಗಂಟೆ ಬಾರಿಸಿ ಎಂದು ವಿದ್ಯಾರ್ಥಿಗಳಿಗೆ ಹೇಳಿದರು. ಗಂಟೆ ಬಾರಿಸುತ್ತಲೇ ಹೋಯಿತು. ಅಷ್ಟೇ ಅಲ್ಲ, ಆಮೇಲೆ ಬೇಕಾದಷ್ಟು ಯೋಚಿಸಿ ಎಂದಾಗ, ಮೊದಲು ಅದುಮಿಟ್ಟವರಿಗೇ ಕರಡಿ ಹೆಚ್ಚು ಬಂತು. ಅದುಮಿದ್ದು ಪುಟಿಯುತ್ತದೆ. ಕಾರಣ ಸರಳ: ಯೋಚನೆ ಬಂತೋ ಇಲ್ಲವೋ ಎಂದು ಕಾಯುವ ಕಾವಲುಗಾರನಿಗೆ ಆ ಯೋಚನೆ ನೆನಪಿರಲೇಬೇಕಲ್ಲ.

ಹಾಗಾಗಿ ಮೂರನೆಯ ಬುಟ್ಟಿಯಲ್ಲಿ ಮೊದಲ ಕೆಲಸ ಯೋಚನೆಯನ್ನು ಯೋಚನೆಯಾಗಿ ಕಾಣುವುದು. ಯಕ್ಷಗಾನದಲ್ಲಿ ಬಣ್ಣದ ವೇಷ ಅಬ್ಬರಿಸುತ್ತ ಬಂದಾಗ ಮುಂದಿನ ಸಾಲಿನ ಮಗು ಅಮ್ಮನ ಸೆರಗಿಗೆ ಸೇರಿಕೊಳ್ಳುತ್ತದೆ. ದೊಡ್ಡವರಿಗೆ ಚಂಡೆಯ ಪೆಟ್ಟೂ ಕೇಳುತ್ತದೆ, ಅಬ್ಬರವೂ ಕೇಳುತ್ತದೆ, ಆದರೆ ಬಣ್ಣದ ಹಿಂದೆ ಒಬ್ಬ ಮನುಷ್ಯನಿದ್ದಾನೆ ಎಂಬುದೂ ಗೊತ್ತು. ಯಾರೂ ಎದ್ದು ಓಡುವುದಿಲ್ಲ, ವೇಷವನ್ನು ರಂಗದಿಂದ ಇಳಿಸಲೂ ಹೋಗುವುದಿಲ್ಲ. ಆ ದೂರವನ್ನು ಅಭ್ಯಾಸದಿಂದ ತಂದುಕೊಳ್ಳಬಹುದು.

ಒಂದು, ಬಾಲ ಸೇರಿಸುವುದು. “ನಾನು ದಂಡ” ಎಂಬ ಯೋಚನೆಯನ್ನು ಹತ್ತು ಸೆಕೆಂಡು ಹಾಗೇ ಮನಸ್ಸಿನಲ್ಲಿ ಹೇಳಿ. ಆಮೇಲೆ “ನಾನು ದಂಡ ಎಂಬ ಯೋಚನೆ ನನಗೆ ಬರುತ್ತಿದೆ” ಎಂದು ಹತ್ತು ಸೆಕೆಂಡು. ಆಮೇಲೆ “ನಾನು ದಂಡ ಎಂಬ ಯೋಚನೆ ಬರುತ್ತಿರುವುದು ನನಗೆ ಕಾಣುತ್ತಿದೆ.” ಪ್ರತಿ ಬಾಲಕ್ಕೂ ಯೋಚನೆ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ.

ಎರಡು, ಶಬ್ದವನ್ನು ಸವೆಸುವುದು. ‘ಹಾಲು’ ಎಂದು ಒಂದು ಸಲ ಹೇಳಿ. ಬಿಳುಪು, ಬಿಸಿ, ಕೆನೆ ಎಲ್ಲ ನೆನಪಾಗುತ್ತದೆ. ಈಗ ಗಟ್ಟಿಯಾಗಿ, ಬೇಗ ಬೇಗ, 30 ಸೆಕೆಂಡು ‘ಹಾಲು ಹಾಲು ಹಾಲು’ ಎನ್ನಿ. ಕೆನೆ ಮಾಯವಾಗಿ ಬರೀ ನಾಲಿಗೆಯ ಸದ್ದು ಉಳಿಯುತ್ತದೆ. ಟಿಚನರ್ ಎಂಬ ಮನಶ್ಶಾಸ್ತ್ರಜ್ಞ 20ನೇ ಶತಮಾನದ ಆರಂಭದಲ್ಲೇ ಗಮನಿಸಿದ್ದ ಸಂಗತಿ ಇದು. ಆಮೇಲೆ ನಿಮ್ಮನ್ನು ಚುಚ್ಚುವ ಶಬ್ದವನ್ನು ಹಾಗೆಯೇ ಹೇಳಿ. ಒಂದೇ ಶಬ್ದ ಇರಲಿ, ಎರಡಕ್ಷರದ್ದಾದರೆ ಒಳ್ಳೆಯದು. ಉದ್ದ ವಾಕ್ಯಕ್ಕೆ ಇದು ನಡೆಯುವುದಿಲ್ಲ. ಮನೆಯಲ್ಲಿ ಜನ ಇಲ್ಲದಾಗ ಮಾಡುವುದು ಮೇಲು. ನಗು ಬರದವರು ಯೋಚನೆಯನ್ನು ಭಾಗವತರ ಧಾಟಿಯಲ್ಲಿ ಹಾಡಿ ನೋಡಬಹುದು.

ಮೂರು, ಹಳ್ಳದ ಹಾಳೆ. ಐದು ನಿಮಿಷ ಕಣ್ಣು ಮುಚ್ಚಿ, ಹರಿಯುವ ಹಳ್ಳವನ್ನು ಕಲ್ಪಿಸಿಕೊಳ್ಳಿ. ಬಂದ ಒಂದೊಂದು ಯೋಚನೆಯನ್ನೂ ಅಡಿಕೆ ಹಾಳೆಯ ಮೇಲಿಟ್ಟು ನೀರಿಗೆ ಬಿಡಿ. ಹಾಳೆಯನ್ನು ತಳ್ಳಬಾರದು. ಕಲ್ಲಿಗೆ ಸಿಕ್ಕಿ ನಿಂತರೆ ನಿಲ್ಲಲಿ. “ಇದು ಆಗ್ತಾ ಇಲ್ಲ” ಎಂಬ ಯೋಚನೆ ಬಂದೇ ಬರುತ್ತದೆ. ಅದಕ್ಕೂ ಒಂದು ಹಾಳೆ.

ಇಲ್ಲಿ ಬಹಳ ಜನ ಮಾಡುವ ತಪ್ಪು, ಯೋಚನೆ ಓಡಿಹೋಗಲಿ ಎಂದು ಇವನ್ನು ಮಾಡುವುದು. “ಹತ್ತು ಸಲ ಮಾಡಿದೆ, ಯೋಚನೆ ಹೋಗಲಿಲ್ಲ” ಎಂದರೆ ಮಂಗನನ್ನು ಓಡಿಸುವ ಹೊಸ ಕೋಲು ಹಿಡಿದಂತಾಯಿತು, ಅಷ್ಟೆ. ಯೋಚನೆ ಇದ್ದೂ ಕೈ ಕೆಲಸ ಮಾಡಿತೇ ಎಂಬುದು ಇಲ್ಲಿನ ಲೆಕ್ಕ. ಇನ್ನೊಂದು ಎಚ್ಚರಿಕೆ: ಹಸಿ ದುಃಖದ ಮೇಲೆ ಹಾಡು, ಶಬ್ದ ಸವೆಸುವುದು ಯಾವುದೂ ಬೇಡ. ತಿಂಗಳ ಹಿಂದೆ ಮನೆಯವರನ್ನು ಕಳೆದುಕೊಂಡವರಿಗೆ ಅದು ಗೇಲಿಯಂತೆ ಕೇಳುತ್ತದೆ.

ಮೈಯೊಳಗಿನದಕ್ಕೆ ಜಾಗ

ದುಃಖಕ್ಕೆ, ಹೆದರಿಕೆಗೆ ಮೈಯಲ್ಲೊಂದು ಜಾಗ ಇರುತ್ತದೆ. ಕೂತು, ಪಾದ ನೆಲಕ್ಕೆ ಊರಿ, ಅದು ಎಲ್ಲಿದೆ ಎಂದು ಹುಡುಕಿ: ಗಂಟಲಿನಲ್ಲಾ, ಎದೆಯಲ್ಲಾ? ಎಷ್ಟು ದೊಡ್ಡದು, ಅಂಚು ಎಲ್ಲಿ ಮುಗಿಯುತ್ತದೆ, ಬಿಸಿಯಾ ತಣ್ಣಗಾ ಎಂದು ವೈದ್ಯರಿಗೆ ವಿವರಿಸುವಷ್ಟು ಗಮನವಿಟ್ಟು ನೋಡಿ. ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಆರು ಎಣಿಸುವಷ್ಟು ಹೊರಗೆ. ಹೀಗೆ ನಿಮಿಷಕ್ಕೆ ಆರು ಉಸಿರು, ಮೂರು ನಿಮಿಷ. ಉಸಿರು ಆ ಗಂಟಿನ ಸುತ್ತ ಜಾಗ ಮಾಡುತ್ತಿದೆ ಎಂದುಕೊಳ್ಳಿ. ಗಂಟು ಬಿಚ್ಚಬೇಕೆಂದಿಲ್ಲ.

ಕಾರವಾರ, ಗೋಕರ್ಣದ ಸಮುದ್ರದಲ್ಲಿ ಸೆಳವಿಗೆ ಸಿಕ್ಕವರು ದಡದ ಕಡೆ ನೇರವಾಗಿ ಈಜಿ ಸೋಲುತ್ತಾರೆ. ತೇಲುತ್ತ ಉಸಿರು ಉಳಿಸಿಕೊಂಡು, ದಡಕ್ಕೆ ಸಮಾನಾಂತರವಾಗಿ ಸರಿದವರಿಗೆ ಸೆಳವಿನಿಂದ ಹೊರಬರುವ ದಾರಿ ಸಿಗುತ್ತದೆ. ಇಲ್ಲೂ ಸೆಣಸಾಟವೇ ಹೆಚ್ಚು ದಣಿಸುವುದು. ಉಸಿರನ್ನು ಗಮನಿಸಿದರೆ ಗಾಬರಿ ಏರುವವರೂ ಇದ್ದಾರೆ. ಅವರು ಉಸಿರು ಬಿಟ್ಟು ಪಾದದಡಿಯ ನೆಲದ ತಂಪನ್ನು, ಕಿವಿಗೆ ಬೀಳುವ ಮೂರು ಸದ್ದನ್ನು ಗಮನಿಸಲಿ.

ಬಸ್ಸು ಎಲ್ಲಿಗೆ?

ಸ್ವೀಕಾರ ಅಲ್ಲಿಗೇ ನಿಂತರೆ ಅದು ಕೈಚೆಲ್ಲಿ ಕೂತಂತೆ. ಆಕ್ಟ್ ಪದ್ಧತಿಯಲ್ಲಿ ಪ್ರಸಿದ್ಧವಾದ ಬಸ್ಸಿನ ಹೋಲಿಕೆಯನ್ನು ನಮ್ಮ ರಸ್ತೆಗೆ ತಂದು ನೋಡಿ. ಶಿರಸಿಯಿಂದ ಕುಮಟೆಗೆ ದೇವಿಮನೆ ಘಾಟು ಇಳಿಯುತ್ತಿರುವ ಬಸ್ಸು, ಡ್ರೈವರು ನೀವು. ಹಿಂದಿನ ಸೀಟಿನಿಂದ “ನಿಂಗೆ ಬತ್ತಿಲ್ಲೆ, ಬಸ್ ತಿರ್ಗ್ಸು” ಎಂದು ಕೂಗುವವರು ನಿಮ್ಮ ಯೋಚನೆಗಳು. ಅವರನ್ನು ಇಳಿಸಲು ಬಸ್ಸು ನಿಲ್ಲಿಸಿದರೆ ಘಾಟಿಯ ತಿರುವಿನಲ್ಲೇ ರಾತ್ರಿಯಾಗುತ್ತದೆ. ಅವರು ಕೂಗಲಿ. ಕೈ ಸ್ಟೇರಿಂಗಿನ ಮೇಲೆ, ಕಣ್ಣು ರಸ್ತೆಯ ಮೇಲೆ.

ಎಲ್ಲಿಗೆ ಹೋಗುವುದೆಂದು ತಿಳಿಯಲು ಒಂದು ಪುಟ ಸಾಕು. ಮನೆಯವರು, ಕೆಲಸ, ಆರೋಗ್ಯ, ಊರು–ನೆಂಟರು ಎಂದು ನಾಲ್ಕು ಸಾಲು ಬರೆಯಿರಿ. ಪ್ರತಿಯೊಂದರ ಮುಂದೆ ಎರಡು ಅಂಕಿ, 0ರಿಂದ 10: ಇದು ನನಗೆ ಎಷ್ಟು ಮುಖ್ಯ, ಕಳೆದ ವಾರ ಇದಕ್ಕಾಗಿ ಎಷ್ಟು ಬದುಕಿದೆ. ಮುಖ್ಯ 9, ಬದುಕಿದ್ದು 2 ಎಂದು ಎಲ್ಲಿ ಅಂತರ ದೊಡ್ಡದಿದೆಯೋ ಅದನ್ನು ಹಿಡಿದು, 24 ತಾಸಿನೊಳಗೆ, 15 ನಿಮಿಷ ಮೀರದ ಒಂದು ಕೆಲಸ ಆರಿಸಿ. “ಮಕ್ಕಳಿಗೆ ಒಳ್ಳೆ ತಂದೆಯಾಗಬೇಕು” ಎಂಬುದು ದಿಕ್ಕು. “ಇವತ್ತು ಊಟದ ಮೇಲೆ ಮಗನ ಜೊತೆ 15 ನಿಮಿಷ ಇಸ್ಪೀಟು, ಫೋನು ಒಳಗೆ” ಎಂಬುದು ಕೆಲಸ. ದಿಕ್ಕನ್ನೇ ಕೆಲಸ ಎಂದು ಬರೆದರೆ ರಾತ್ರಿ ಅದನ್ನು ಮುಗಿಸಿದಿರೋ ಇಲ್ಲವೋ ಹೇಳಲು ಬರುವುದಿಲ್ಲ.

ಮೀನುಗಾರಿಕೆ ನಿಷೇಧದ 61 ದಿನ ಈ ಪುಟಕ್ಕೆ ಒಳ್ಳೆಯ ಪರೀಕ್ಷೆ. ದುಡಿಮೆ ನಿಂತಾಗ ಮನಸ್ಸು “ಹುಮ್ಮಸ್ಸು ಬಂದ ಮೇಲೆ ಮಾಡೋಣ” ಎನ್ನುತ್ತದೆ. ಕ್ರಮ ತಿರುಗುಮುರುಗು: ಕೆಲಸ ಮೊದಲು, ಹುಮ್ಮಸ್ಸು ಹಿಂದಿನಿಂದ. ಬೆಳಿಗ್ಗೆ 9ಕ್ಕೆ ಬಲೆ ದುರಸ್ತಿ, 11ಕ್ಕೆ ಬಂದರಿನವರೆಗೆ ನಡಿಗೆ, ಸಂಜೆ ಒಬ್ಬ ಗೆಳೆಯನ ಮನೆ ಎಂದು ಗಂಟೆ ಹಾಕಿ ಬರೆಯಬೇಕು. ಪ್ರತಿ ಕೆಲಸದ ಮುಂದೆ ಎಷ್ಟು ಖುಷಿ, ಎಷ್ಟು ಸಾಧಿಸಿದಂತಾಯಿತು ಎಂದು 10ರೊಳಗೆ ಅಂಕಿ. ಎರಡು ವಾರದ ಅಂಕಿ ನೋಡಿದರೆ ಇಡೀ ದಿನ ಮೊಬೈಲು ಹಿಡಿದು ಮಲಗಿದ ದಿನದ ಬೆಲೆ ಕಾಗದದ ಮೇಲೇ ಕಾಣುತ್ತದೆ.

ಆರು ವಾರದ ಹಂಚಿಕೆ

ಮೊದಲ ವಾರ ನೋಡುವುದು. ಎರಡು ಮತ್ತು ಮೂರನೆಯ ವಾರ ಏಳು ಕಲಮಿನ ಪುಟ, ವಾರಕ್ಕೆ ನಾಲ್ಕು ಸಾಕು. ಜೊತೆಗೆ ಚಿಂತೆಯ ಹೊತ್ತು. ನಾಲ್ಕನೆಯ ವಾರ ಪ್ರಯೋಗ. ಐದು, ಆರನೆಯ ವಾರ ಮೂರನೆಯ ಬುಟ್ಟಿಯ ಅಭ್ಯಾಸ ಮತ್ತು ದಿನಕ್ಕೊಂದು 15 ನಿಮಿಷದ ಕೆಲಸ. ಪಾಡ್ಯ, ಅಮಾವಾಸ್ಯೆ, ನೆಂಟರ ಮದುವೆ ಎಂದು ತಪ್ಪಿದ ದಿನಗಳನ್ನು ಮರುದಿನಕ್ಕೆ ಸೇರಿಸಿ ದುಪ್ಪಟ್ಟು ಮಾಡಬೇಡಿ, ಬಿಟ್ಟಲ್ಲಿಂದ ಮುಂದುವರಿಸಿ. ಆರು ವಾರಕ್ಕೂ ಅಂಕಿಗಳು ಇದ್ದಲ್ಲೇ ಇದ್ದರೆ ಒಬ್ಬರೇ ಮಾಡುವುದು ಸಾಲದು ಎಂದು ಅರ್ಥ. ನೀವು ಸರಿಯಾಗಿ ಮಾಡಲಿಲ್ಲ ಎಂದಲ್ಲ.

ಯಾರ ಹತ್ತಿರ ಹೋಗಬೇಕು

14416ಕ್ಕೆ ಕರೆ ಮಾಡಿದಾಗ ಕನ್ನಡವನ್ನು ಆರಿಸಿಕೊಂಡರೆ ಆಪ್ತಸಮಾಲೋಚಕರು ಸಿಗುತ್ತಾರೆ. ಬೇಕಾದರೆ ಮನೋವೈದ್ಯರಿಗೆ ದಾಟಿಸುತ್ತಾರೆ. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರ ಸಂಸ್ಥೆ. ಜಿಲ್ಲೆಯಲ್ಲಿ ಕಾರವಾರದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ದೂರದವರು ಮೊದಲು ತಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರು ಯಾವ ದಿನ ಬರುತ್ತಾರೆಂದು ವಿಚಾರಿಸಿಕೊಂಡರೆ ಘಾಟು ಇಳಿಯುವ ಬಸ್ ಖರ್ಚು ಉಳಿದೀತು.

ಮನೆಯಲ್ಲಿ ಯಾರಾದರೂ ಸಾಯುವ ಮಾತಾಡುತ್ತಿದ್ದರೆ “ಹಂಗೆಲ್ಲ ಮಾತಾಡಡ” ಎಂದು ಬಾಯಿ ಮುಚ್ಚಿಸಬೇಡಿ. ನೇರವಾಗಿ ಕೇಳಿ, ಕೇಳಿದ್ದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಅವರನ್ನು ಒಬ್ಬರೇ ಬಿಡಬೇಡಿ. ತೋಟದ, ಗದ್ದೆಯ ಔಷಧಿಗಳನ್ನೆಲ್ಲ ಅದೇ ದಿನ ಬೀಗ ಹಾಕಿ, ಕೀಲಿಕೈ ಪಕ್ಕದ ಮನೆಯಲ್ಲಿಡಿ. ತುರ್ತಾದರೆ 108 ಅಥವಾ 112.

ಮೊದಲ ಭೇಟಿಗೆ ಹೋಗುವಾಗ ನೋಟ್‌ಬುಕ್ ಒಯ್ಯಿರಿ. ಮೊದಲ ವಾರದ ನಾಲ್ಕು ಸಾಲಿನ ಪುಟಗಳು ಮತ್ತು ಅಂಕಿ ಇಳಿಯದ ಎರಡು ಪುಟ ತೋರಿಸಿದರೆ ಸಾಕು. ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿ, ನಾಟಿ ಔಷಧ ಇದ್ದರೆ ಅದರ ಹೆಸರು, ನಿದ್ದೆ ಎಷ್ಟು ತಾಸು ಬರುತ್ತಿದೆ ಎಂಬ ಲೆಕ್ಕ ಜೊತೆಗಿರಲಿ. ಒಳಗೆ ಹೋದ ಮೇಲೆ ಅರ್ಧ ಮರೆಯುತ್ತದೆ, ಹಾಗಾಗಿ ಕೇಳಬೇಕಾದ ಮೂರು ಪ್ರಶ್ನೆಗಳನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಹಿಂದಿನ ರಾತ್ರಿಯೇ ಬರೆದಿಟ್ಟುಕೊಳ್ಳಿ.